ಕಡಲು ದಾಟಿ ಬಂದ ವಿದ್ಯೆ, ಕಡಲು ದಾಟಿ ಹೋದ ವಿದ್ಯೆ

ದೊಡ್ಡ ಗ್ರಂಥಾಲಯವೊಂದರ ಕಪಾಟಿನಿಂದ ಕನ್ನಡ ಕಾದಂಬರಿಯನ್ನು ಕೈಗೆತ್ತಿಕೊಂಡರೆ ಅದರ ಬೆನ್ನಿನ ಮೇಲೆ ಪುಟ್ಟದೊಂದು ಚೀಟಿ ಅಂಟಿಸಿರುವುದು ಕಾಣುತ್ತದೆ. ಬಹಳಷ್ಟು ಕಡೆ ಆ ಚೀಟಿಯ ಮೇಲಿನ ಅಂಕಿ 894.814 ಎಂದು ಆರಂಭವಾಗುತ್ತದೆ. ಪುಸ್ತಕ ಹುಡುಕಲು ಬಂದವರು ಅದರ ಅರ್ಥವೇನೆಂದು ಕೇಳುವುದು ಅಪರೂಪ. ಆದರೆ ಈ ಆರಂಕಿಯ ಹಿಂದೆ ಮೂರು ಖಂಡಗಳಲ್ಲಿ ಹರಡಿಕೊಂಡ ಒಂದು ಇತಿಹಾಸವಿದೆ.

ಅಂಕಿಯ ಮೂಲ ಅಮೆರಿಕದಲ್ಲಿದೆ. ಅಲ್ಲಿನ ಗ್ರಂಥಪಾಲ ಮೆಲ್ವಿಲ್ ಡ್ಯೂಯಿ 1876ರಲ್ಲಿ ಜ್ಞಾನವನ್ನೆಲ್ಲ ಹತ್ತು ವರ್ಗಗಳಾಗಿ, ಪ್ರತಿ ವರ್ಗವನ್ನು ಮತ್ತೆ ಹತ್ತಾಗಿ ಒಡೆಯುವ ದಶಾಂಶ ವರ್ಗೀಕರಣ ಪದ್ಧತಿಯನ್ನು ಪ್ರಕಟಿಸಿದರು. ಅದರಲ್ಲಿ ಸಾಹಿತ್ಯಕ್ಕೆ 800ರ ಸಾಲು. ಅಮೆರಿಕದ ಸಾಹಿತ್ಯಕ್ಕೆ 810, ಇಂಗ್ಲಿಷ್ ಸಾಹಿತ್ಯಕ್ಕೆ 820. ಹೀಗೆ ಯುರೋಪಿನ ದೊಡ್ಡ ಭಾಷೆಗಳಿಗೆಲ್ಲ ದುಂಡನೆಯ ಸಂಖ್ಯೆಗಳು. ಲೋಕದ ಉಳಿದ ಭಾಷೆಗಳೆಲ್ಲ ಕೊನೆಯ 890ರ ಕೊಠಡಿಯಲ್ಲಿ ಇಕ್ಕಟ್ಟಿನಲ್ಲಿ ಕೂರಬೇಕಾಯಿತು. ಸಾವಿರ ವರ್ಷ ಮೀರಿದ ಕನ್ನಡ ಸಾಹಿತ್ಯಕ್ಕೆ ಮುಂದೆ ದೊರೆತ ಜಾಗವೂ ಅಲ್ಲಿಯೇ. ಹಾಗಿದ್ದರೂ ಈ ಪದ್ಧತಿ ಪ್ರಪಂಚದಾದ್ಯಂತ ಹಬ್ಬಿತು. ಎಲ್ಲಿಗೆ ಹೋದರೂ ಒಂದೇ ಕ್ರಮದಲ್ಲಿ ಪುಸ್ತಕ ಸಿಗಬೇಕು ಎಂಬ ಅನುಕೂಲದ ಮುಂದೆ ಈ ಓರೆಕೋರೆಗಳು ಆಗ ದೊಡ್ಡದಾಗಿ ಕಾಣಲಿಲ್ಲ.

ಗ್ರಂಥಾಲಯವೆಂದರೆ ಒಂದು ಊರಿಗೆ ಅಂಟಿಕೊಂಡ ಸಂಸ್ಥೆ ಎಂದೇ ನಾವು ಭಾವಿಸುತ್ತೇವೆ. ವಾಸ್ತವವಾಗಿ ಅದನ್ನು ನಡೆಸುವ ವಿದ್ಯೆ ಮೊದಲಿನಿಂದಲೂ ದೇಶ ಸಂಚಾರಿ. ಅಮೆರಿಕದ ಗ್ರಂಥಪಾಲರು 1876ರಲ್ಲಿ ತಮ್ಮದೊಂದು ಸಂಘ ಕಟ್ಟಿಕೊಂಡರು. ಮರುವರ್ಷವೇ ಅವರಲ್ಲಿ ಕೆಲವರು ಹಡಗು ಹತ್ತಿ ಲಂಡನ್ನಿಗೆ ಹೋಗಿ ಅಲ್ಲಿನ ಸಮ್ಮೇಳನದಲ್ಲಿ ಪಾಲ್ಗೊಂಡರು. ಬ್ರಿಟನ್ನಿನ ಗ್ರಂಥಾಲಯ ಸಂಘ ಹುಟ್ಟಿದ್ದು ಆ ಸಮ್ಮೇಳನದಲ್ಲಿ. 1895ರಲ್ಲಿ ಬೆಲ್ಜಿಯಮ್ಮಿನ ಪಾಲ್ ಓಟ್ಲೆ ಮತ್ತು ಆನ್ರಿ ಲಾ ಫೋಂಟೆನ್ ಜಗತ್ತಿನ ಪುಸ್ತಕಗಳಿಗೆಲ್ಲ ಒಂದೇ ಸೂಚಿ ಮಾಡುವ ಸಾಹಸಕ್ಕೆ ಇಳಿದರು. ಅವರು ಡ್ಯೂಯಿಯ ಅನುಮತಿ ಪಡೆದು, ಆ ಪದ್ಧತಿಯನ್ನೇ ಹಿಗ್ಗಿಸಿ ಸಾರ್ವತ್ರಿಕ ದಶಾಂಶ ವರ್ಗೀಕರಣವನ್ನು ರೂಪಿಸಿದರು. ಲಾ ಫೋಂಟೆನ್ ಅವರಿಗೆ 1913ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ ಬಂತು. ಪುಸ್ತಕದ ಪಟ್ಟಿಗೂ ಲೋಕಶಾಂತಿಗೂ ನಂಟಿದೆ ಎಂದು ನಂಬಿದ್ದ ಕಾಲವದು.

ಈ ವಿದ್ಯೆ ಭಾರತಕ್ಕೆ ವ್ಯವಸ್ಥಿತವಾಗಿ ಬಂದದ್ದು ಬರೋಡ ಸಂಸ್ಥಾನದ ಮೂಲಕ. ಮಹಾರಾಜ ಮೂರನೆಯ ಸಯ್ಯಾಜಿರಾವ್ ಗಾಯಕವಾಡರು ತಮ್ಮ ವಿದೇಶ ಪ್ರವಾಸದಲ್ಲಿ ಅಮೆರಿಕದ ಸಾರ್ವಜನಿಕ ಗ್ರಂಥಾಲಯಗಳನ್ನು ಕಂಡಿದ್ದರು. ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು ಜಾರಿಗೆ ತಂದಿದ್ದ ಅವರಿಗೆ ಒಂದು ಚಿಂತೆ ಕಾಡುತ್ತಿತ್ತು. ಶಾಲೆ ಬಿಟ್ಟ ಹುಡುಗನ ಕೈಗೆ ಪುಸ್ತಕ ಸಿಗದಿದ್ದರೆ ಕಲಿತ ಅಕ್ಷರ ಎಷ್ಟು ದಿನ ಉಳಿದೀತು? 1910ರಲ್ಲಿ ಅವರು ಅಮೆರಿಕದ ನ್ಯೂ ಹೇವನ್ನಿನಿಂದ ವಿಲಿಯಂ ಬೋರ್ಡನ್ ಎಂಬ ಗ್ರಂಥಪಾಲರನ್ನು ಕರೆಸಿಕೊಂಡರು.

ಬೋರ್ಡನ್ 1913ರವರೆಗೆ ಮಾತ್ರ ಬರೋಡದಲ್ಲಿದ್ದರು. ಆ ಮೂರು ವರ್ಷಗಳಲ್ಲಿ ಅರಮನೆಯ ಪುಸ್ತಕಗಳನ್ನು ಆಧಾರವಾಗಿಟ್ಟುಕೊಂಡು ಕೇಂದ್ರ ಗ್ರಂಥಾಲಯ ತಲೆಯೆತ್ತಿತು. ಗ್ರಂಥಪಾಲರಿಗೆ ತರಬೇತಿ ತರಗತಿ ಆರಂಭವಾಯಿತು. ಮರದ ಪೆಟ್ಟಿಗೆಗಳಲ್ಲಿ ಪುಸ್ತಕ ತುಂಬಿ ಹಳ್ಳಿಗಳಿಗೆ ಕಳಿಸುವ ಸಂಚಾರಿ ಗ್ರಂಥಾಲಯವೂ ಬಂತು. ಇದು ಅಮೆರಿಕದ ಗ್ರಾಮಾಂತರಗಳಲ್ಲಿ ಬಳಕೆಯಲ್ಲಿದ್ದ ಕ್ರಮ. ಆದರೆ ಹಣದ ಏರ್ಪಾಡು ಬರೋಡದ್ದೇ. ಊರಿನವರು ಒಂದು ಪಾಲು ಹಣ ಕೂಡಿಸಿದರೆ ಪ್ರಾಂತ ಮಂಡಲಿ ಒಂದು ಪಾಲು, ಸರ್ಕಾರ ಇನ್ನೊಂದು ಪಾಲು ಸೇರಿಸುತ್ತಿತ್ತು. 1912ರಲ್ಲಿ ಗ್ರಂಥಾಲಯಗಳಿಗಾಗಿಯೇ ಒಂದು ಪತ್ರಿಕೆಯೂ ಅಲ್ಲಿಂದ ಹೊರಟಿತು.

ಬರೋಡದ ಪ್ರಯೋಗಕ್ಕೆ ಒಂದು ಮಿತಿಯಿತ್ತು. ಅದರ ಹಿಂದೆ ಇದ್ದದ್ದು ಅರಸರ ಆಸಕ್ತಿಯ ಬಲವೇ ಹೊರತು ಕಾಯಿದೆಯ ಬಲವಲ್ಲ. ಅಂಥ ಅರಸರಿಲ್ಲದ ಪ್ರಾಂತಗಳ ಗತಿಯೇನು ಎಂಬ ಪ್ರಶ್ನೆ ಉಳಿದೇ ಇತ್ತು. 1915ರಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯ ಇನ್ನೊಬ್ಬ ಅಮೆರಿಕನ್ನರಾದ ಆಸಾ ಡಾನ್ ಡಿಕಿನ್ಸನ್ ಅವರನ್ನು ಕರೆಸಿತು. ಅವರು ತರಬೇತಿ ತರಗತಿ ನಡೆಸಿ, 1916ರಲ್ಲಿ ಗ್ರಂಥಪಾಲರಿಗಾಗಿ ಒಂದು ಪಠ್ಯಪುಸ್ತಕ ಬರೆದುಕೊಟ್ಟು ಮರಳಿದರು. ಅಲ್ಲಿ ಕಲಿತ ಅಸಾದುಲ್ಲಾ ಮುಂದೆ ಕಲ್ಕತ್ತೆಯ ಇಂಪೀರಿಯಲ್ ಗ್ರಂಥಾಲಯದ ಮುಖ್ಯಸ್ಥರಾದರು. ಅಲ್ಲಿಯವರೆಗೆ ವಿದ್ಯೆಯ ಹರಿವು ಒಂದೇ ದಿಕ್ಕಿನಲ್ಲಿತ್ತು. ಪಶ್ಚಿಮ ಕಲಿಸುತ್ತಿತ್ತು, ಪೂರ್ವ ಕಲಿಯುತ್ತಿತ್ತು.

ಹರಿವಿನ ದಿಕ್ಕನ್ನು ಬದಲಿಸಿದವರು ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ 1892ರಲ್ಲಿ ಹುಟ್ಟಿದ ಎಸ್.ಆರ್. ರಂಗನಾಥನ್. ಅವರು ಗಣಿತದ ಮೇಷ್ಟ್ರು. 1924ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರ ಹುದ್ದೆ ಅವರಿಗೆ ಸಿಕ್ಕಿತು. ಕೆಲವೇ ದಿನಗಳಲ್ಲಿ ಆ ಕೆಲಸ ಬೇಸರ ತರಿಸಿತು. ಓದುಗರಿಲ್ಲದ ಕೋಣೆ, ಪುಸ್ತಕದ ರಾಶಿ, ಮಾತನಾಡಲು ವಿದ್ಯಾರ್ಥಿಗಳಿಲ್ಲ. ಕಾಲೇಜಿನ ಪ್ರಿನ್ಸಿಪಾಲರ ಬಳಿ ಹೋಗಿ ಮತ್ತೆ ಪಾಠ ಹೇಳುವ ಕೆಲಸ ಕೊಡಿರೆಂದು ಕೇಳಿದರು. ಮೊದಲು ಇಂಗ್ಲೆಂಡಿಗೆ ಹೋಗಿ ಗ್ರಂಥಾಲಯ ವಿದ್ಯೆ ಕಲಿತು ಬನ್ನಿ, ಆಮೇಲೂ ಬೇಡವೆನಿಸಿದರೆ ನೋಡೋಣ ಎಂಬುದು ಸಿಕ್ಕ ಉತ್ತರ.

ಲಂಡನ್ನಿನಲ್ಲಿ ಅವರಿಗೆ ಗುರುವಾಗಿ ದೊರೆತವರು ಕ್ರಾಯ್ಡನ್ನಿನ ಗ್ರಂಥಪಾಲರೂ ವರ್ಗೀಕರಣದ ವಿದ್ವಾಂಸರೂ ಆಗಿದ್ದ ಬರ್ವಿಕ್ ಸೇಯರ್ಸ್. ತರಗತಿಯ ಪಾಠಕ್ಕಿಂತ ಹೊರಗೆ ಕಂಡದ್ದೇ ರಂಗನಾಥನ್ನರ ಮನಸ್ಸನ್ನು ತಟ್ಟಿತು. ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಅವರು ಸುತ್ತಿದರು. ಕೂಲಿ ಕೆಲಸದವರು, ಗೃಹಿಣಿಯರು, ಮಕ್ಕಳು ಎನ್ನದೆ ಎಲ್ಲರೂ ಅಲ್ಲಿ ಬಂದು ಕೂರುತ್ತಿದ್ದರು. ಕಪಾಟಿನಿಂದ ತಾವೇ ಪುಸ್ತಕ ತೆಗೆದುಕೊಳ್ಳುತ್ತಿದ್ದರು. ಗ್ರಂಥಾಲಯವೆಂದರೆ ಪುಸ್ತಕದ ಉಗ್ರಾಣವಲ್ಲ, ಜನರ ಸಂಸ್ಥೆ ಎಂಬ ಅರಿವು ಅವರಿಗಾದದ್ದು ಅಲ್ಲಿ. ಬೇಸರ ಅಲ್ಲಿಗೆ ಕೊನೆಗೊಂಡಿತು.

ಕಲಿತದ್ದನ್ನೆಲ್ಲ ಅವರು ಹಾಗೆಯೇ ಒಪ್ಪಿಕೊಂಡು ಬರಲಿಲ್ಲ. ಡ್ಯೂಯಿಯ ಪದ್ಧತಿಯಲ್ಲಿ ಪ್ರತಿ ವಿಷಯಕ್ಕೂ ಮೊದಲೇ ಒಂದು ಗೂಡು ಸಿದ್ಧವಾಗಿರಬೇಕು. ಹೊಸ ವಿಷಯ ಹುಟ್ಟಿದರೆ ಅದಕ್ಕೆ ಗೂಡಿಲ್ಲ. ಲಂಡನ್ನಿನ ಅಂಗಡಿಯೊಂದರಲ್ಲಿ ಮೆಕಾನೊ ಎಂಬ ಆಟಿಕೆಯನ್ನು ನೋಡಿದಾಗ ಅವರಿಗೆ ಪರಿಹಾರ ಹೊಳೆಯಿತು. ಕೆಲವೇ ಪಟ್ಟಿ, ಚಕ್ರ, ನಟ್ಟು, ಬೋಲ್ಟುಗಳನ್ನು ಬೇರೆ ಬೇರೆ ಬಗೆಯಲ್ಲಿ ಜೋಡಿಸಿ ಎಷ್ಟೋ ಆಟಿಕೆಗಳನ್ನು ಮಾಡಬಹುದು. ಪುಸ್ತಕದ ವಿಷಯವನ್ನೂ ಹೀಗೇಕೆ ಜೋಡಿಸಬಾರದು? ಮಂಡ್ಯದಲ್ಲಿ 1950ರ ದಶಕದಲ್ಲಿ ಭತ್ತಕ್ಕೆ ತಗುಲಿದ ರೋಗದ ಬಗ್ಗೆ ಒಂದು ಪುಸ್ತಕವಿದೆ ಎನ್ನೋಣ. ಅದಕ್ಕೊಂದು ಗೂಡನ್ನು ಹುಡುಕುವ ಬದಲು ಭತ್ತ, ರೋಗ, ಮಂಡ್ಯ, ದಶಕ ಎಂಬ ಅದರ ಮುಖಗಳನ್ನು ಬಿಡಿಸಿ, ಪ್ರತಿಯೊಂದರ ಸಂಕೇತವನ್ನೂ ಜೋಡಿಸಿ ಒಂದು ಅಂಕಿ ಕಟ್ಟಬಹುದು. ಜೋಡಿಸಲು ಮೊದಲು ಬಳಸಿದ ಚಿಹ್ನೆ ಕೋಲನ್. 1925ರಲ್ಲಿ ಹಿಂದಿರುಗುವಾಗ ಹಡಗಿನ ಪುಸ್ತಕಗಳ ಮೇಲೆಯೇ ಅವರು ಇದನ್ನು ಪರೀಕ್ಷಿಸಿದರು. ಕೋಲನ್ ವರ್ಗೀಕರಣ 1933ರಲ್ಲಿ ಅಚ್ಚಾಯಿತು.

ಇದಕ್ಕೂ ಎರಡು ವರ್ಷ ಮೊದಲು, 1931ರಲ್ಲಿ, ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಕುರಿತ ಅವರ ಗ್ರಂಥ ಬಂದಿತ್ತು. ಪುಸ್ತಕವಿರುವುದು ಬಳಕೆಗಾಗಿ, ಪ್ರತಿ ಓದುಗನಿಗೂ ಅವನಿಗೆ ತಕ್ಕ ಪುಸ್ತಕ ಸಿಗಬೇಕು, ಅವನ ಕಾಲ ವ್ಯರ್ಥವಾಗಬಾರದು ಎಂಬಂಥ ಸರಳ ತತ್ವಗಳು ಅದರಲ್ಲಿದ್ದವು. ಅದಕ್ಕೆ ಪೀಠಿಕೆ ಬರೆದವರು ಲಂಡನ್ನಿನ ಗುರು ಸೇಯರ್ಸ್. ಅದೇ ವರ್ಷ ಮನ್ನಾರ್‌ಗುಡಿಯ ಸುತ್ತಿನ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕ ಹೊರಟಿತು. ಬೇರೆ ದೇಶಗಳಲ್ಲಿ ಮೋಟಾರು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಎತ್ತುಗಳು ಮಾಡಿದವು.

ಸಾಲ ತಂದ ವಿದ್ಯೆ ಬಡ್ಡಿ ಸಮೇತ ಹಿಂದಿರುಗುವ ಕಾಲ ಯುದ್ಧಾನಂತರ ಬಂತು. ಎರಡನೆಯ ಮಹಾಯುದ್ಧದ ಸಮಯದಲ್ಲಿ ವಾಯುಪಡೆಯ ಕೆಲಸದ ಮೇಲೆ ಭಾರತಕ್ಕೆ ಬಂದಿದ್ದ ಬರ್ನಾರ್ಡ್ ಪಾಮರ್ ಎಂಬ ಗ್ರಂಥಪಾಲರಿಗೆ ರಂಗನಾಥನ್ನರ ಪರಿಚಯವಾಯಿತು. ಊರಿಗೆ ಮರಳಿದ ಮೇಲೆ ಅವರು ಈ ವಿಚಾರಗಳ ಪ್ರಚಾರಕರಾದರು. 1950ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾಗುವ ಪುಸ್ತಕಗಳಿಗೆಲ್ಲ ಒಂದು ರಾಷ್ಟ್ರೀಯ ಗ್ರಂಥಸೂಚಿ ಆರಂಭವಾಯಿತು. ಅದರ ಸಂಪಾದಕ ಎ.ಜೆ. ವೆಲ್ಸ್ ಪುಸ್ತಕಗಳನ್ನು ಜೋಡಿಸಿದ್ದು ಡ್ಯೂಯಿಯ ಅಂಕಿಗಳಲ್ಲಿ. ವಿಷಯ ಸೂಚಿ ತಯಾರಿಸಲು ಬಳಸಿದ್ದು ರಂಗನಾಥನ್ನರ ಸರಪಳಿ ವಿಧಾನವನ್ನು. 1952ರಲ್ಲಿ ಲಂಡನ್ನಿನ ಕೆಲವು ಯುವ ಗ್ರಂಥಪಾಲರು ವರ್ಗೀಕರಣದ ಸಂಶೋಧನೆಗೆಂದೇ ಒಂದು ಬಳಗ ಕಟ್ಟಿದರು. ಅವರ ಚರ್ಚೆಗೆ ತಳಹದಿಯಾದದ್ದು ಮದರಾಸಿನಲ್ಲಿ ರೂಪುಗೊಂಡ ಮುಖಗಳ ತತ್ವ. ಗಣಕಯಂತ್ರದ ಯುಗದಲ್ಲಿ ಅದಕ್ಕೆ ಮತ್ತಷ್ಟು ಬೆಲೆ ಬಂದಿದೆ. ಇಂದು ಅಂತರಜಾಲದ ಅಂಗಡಿಯಲ್ಲಿ ಸೀರೆಯನ್ನು ಬಣ್ಣ, ಬೆಲೆ, ನೂಲಿನ ಪ್ರಕಾರ ಸೋಸಿ ಹುಡುಕುವ ಕ್ರಮದ ಹಿಂದಿರುವುದೂ ಇದೇ ಬಗೆಯ ಆಲೋಚನೆ.

ಇದೇ ಹೊತ್ತಿಗೆ ದೆಹಲಿಯಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಯುನೆಸ್ಕೊ ಮತ್ತು ಭಾರತ ಸರ್ಕಾರ ಸೇರಿ ಸ್ಥಾಪಿಸಿದ ದೆಹಲಿ ಸಾರ್ವಜನಿಕ ಗ್ರಂಥಾಲಯವನ್ನು 1951ರ ಅಕ್ಟೋಬರಿನಲ್ಲಿ ಪ್ರಧಾನಿ ನೆಹರೂ ಉದ್ಘಾಟಿಸಿದರು. ಆರಂಭದಲ್ಲಿ ಸಲಹೆಗಾರರಾಗಿ ಬಂದವರು ಇಂಗ್ಲೆಂಡಿನ ಗ್ರಂಥಪಾಲ ಎಡ್ವರ್ಡ್ ಸಿಡ್ನಿ. ಹೊಸದಾಗಿ ಅಕ್ಷರ ಕಲಿತವರಿಗೂ ಗ್ರಂಥಾಲಯದ ಬಾಗಿಲು ತೆರೆಯುವುದು ಹೇಗೆ ಎಂಬುದಕ್ಕೆ ಅದು ಮಾದರಿಯಾಗಬೇಕಿತ್ತು. ಅದರ ಬೆನ್ನಿಗೆ ಇಂಥವೇ ಮಾದರಿ ಗ್ರಂಥಾಲಯಗಳು ಕೊಲಂಬಿಯಾದ ಮೆಡೆಲಿನ್ ಮತ್ತು ನೈಜೀರಿಯಾದ ಎನುಗು ನಗರಗಳಲ್ಲಿ ಹುಟ್ಟಿದವು.

ಇಷ್ಟೆಲ್ಲ ಕೊಡುಕೊಳ್ಳುವಿಕೆಯ ನಡುವೆ ಸುಲಭವಾಗಿ ಕಡಲು ದಾಟದ ಸಂಗತಿ ಒಂದಿತ್ತು. ಅದು ಹಣ. ಬ್ರಿಟನ್ನಿನ ಗ್ರಂಥಾಲಯಗಳ ಗುಟ್ಟು 1850ರ ಕಾಯಿದೆಯಲ್ಲಿತ್ತು. ಪಟ್ಟಣಗಳು ಗ್ರಂಥಾಲಯಕ್ಕಾಗಿ ಆಸ್ತಿಯ ಮೌಲ್ಯದ ಪ್ರತಿ ಪೌಂಡಿಗೆ ಅರ್ಧ ಪೆನ್ನಿ ತೆರಿಗೆ ಹಾಕಲು ಅದು ಅವಕಾಶ ಕೊಟ್ಟಿತು. ವಿಚಿತ್ರವೆಂದರೆ, ಆ ಹಣದಲ್ಲಿ ಕಟ್ಟಡ ಕಟ್ಟಬಹುದಿತ್ತು, ಪುಸ್ತಕ ಕೊಳ್ಳುವಂತಿರಲಿಲ್ಲ. ತಪ್ಪು ತಿದ್ದಿಕೊಳ್ಳಲು ಐದು ವರ್ಷ ಬೇಕಾಯಿತು. 1855ರಲ್ಲಿ ತೆರಿಗೆಯ ಮಿತಿ ಒಂದು ಪೆನ್ನಿಗೆ ಏರಿತು, ಪುಸ್ತಕ ಖರೀದಿಗೂ ಒಪ್ಪಿಗೆ ಸಿಕ್ಕಿತು.

ದಾನಿಗಳ ಉದಾರತೆ ಬತ್ತಬಹುದು, ಅರಸರ ಆಸಕ್ತಿ ಅಳಿಯಬಹುದು, ಕಾಯಿದೆಯ ಬಲದಿಂದ ಬರುವ ಹಣ ಮಾತ್ರ ನಿಲ್ಲದು ಎಂಬುದನ್ನು ರಂಗನಾಥನ್ ಅರಿತಿದ್ದರು. 1930ರಲ್ಲಿ ಕಾಶಿಯಲ್ಲಿ ನಡೆದ ಅಖಿಲ ಏಷ್ಯಾ ಶಿಕ್ಷಣ ಸಮ್ಮೇಳನದ ಮುಂದೆ ಅವರು ಒಂದು ಮಾದರಿ ಮಸೂದೆಯನ್ನು ಇಟ್ಟರು. ಅದಕ್ಕೆ ಫಲ ಬರಲು 18 ವರ್ಷ ಹಿಡಿಯಿತು. 1948ರಲ್ಲಿ ಮದರಾಸು ಪ್ರಾಂತ ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಕಾಯಿದೆಯನ್ನು ಮಾಡಿತು.

1957ರಿಂದ ಬೆಂಗಳೂರಿನಲ್ಲಿ ನೆಲೆಸಿದ ರಂಗನಾಥನ್ ಇಲ್ಲಿಯೂ ಅದೇ ಕೆಲಸ ಮುಂದುವರಿಸಿದರು. 1962ರಲ್ಲಿ ಅವರು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ದಾಖಲೆ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಇಲ್ಲಿ ಸ್ಥಾಪಿಸಿದರು. ಅವರು ಸಿದ್ಧಪಡಿಸಿದ ಕರಡಿನ ಆಧಾರದ ಮೇಲೆ ಅಂದಿನ ಮೈಸೂರು ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯಿದೆ 1965ರಲ್ಲಿ ಬಂತು. ಕಟ್ಟಡ, ಜಮೀನುಗಳ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ಸೇರಿಕೊಂಡಿತು. 1972ರ ಸೆಪ್ಟೆಂಬರಿನಲ್ಲಿ ಅವರು ಬೆಂಗಳೂರಿನಲ್ಲಿಯೇ ತೀರಿಕೊಂಡರು. ಅವರ ಹೆಸರಿನಲ್ಲಿ ಆಗಸ್ಟ್ 12ನ್ನು ಗ್ರಂಥಪಾಲಕರ ದಿನವೆಂದು ದೇಶ ಆಚರಿಸುತ್ತದೆ.

ಈ ಇತಿಹಾಸದಲ್ಲಿ ಒಂದು ವಿಪರ್ಯಾಸವೂ ಉಂಟು. ಲಂಡನ್ನಿನವರ ಯೋಚನೆಯ ದಾರಿಯನ್ನೇ ಬದಲಿಸಿದ ಕೋಲನ್ ವರ್ಗೀಕರಣ ಭಾರತದ ಕೆಲವೇ ಗ್ರಂಥಾಲಯಗಳಲ್ಲಿ ನೆಲೆಯೂರಿತು. ಬಹುಪಾಲು ಕಡೆ ಇಂದಿಗೂ ನಡೆಯುತ್ತಿರುವುದು ಡ್ಯೂಯಿಯ ಅಂಕಿಯೇ. ಆದರೆ ಅಂಕಿ ಯಾರದಾದರೇನು, ಮುಖ್ಯವಾದದ್ದು ಆ ಅಂಕಿಯ ಜಾಗದಲ್ಲಿ ಪುಸ್ತಕವಿದೆಯೇ ಎಂಬುದು. ಕರವೆಂದು ವಸೂಲಾದ ಹಣವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಗಳಿಗೆ ಸಲ್ಲಿಸದೆ ಬಾಕಿ ಉಳಿಸಿಕೊಳ್ಳುತ್ತವೆ ಎಂಬ ದೂರು ನಮ್ಮ ರಾಜ್ಯದಲ್ಲಿ ಮತ್ತೆ ಮತ್ತೆ ಕೇಳಿಬಂದಿದೆ. 1850ರ ಇಂಗ್ಲೆಂಡಿನಲ್ಲಿ ಕಟ್ಟಡವಿತ್ತು, ಪುಸ್ತಕಕ್ಕೆ ಹಣವಿರಲಿಲ್ಲ. ಅಲ್ಲಿಯವರು ಅದನ್ನು ಐದು ವರ್ಷಗಳಲ್ಲಿ ಸರಿಪಡಿಸಿಕೊಂಡರು. ಅವರಿಂದ ಇಷ್ಟೆಲ್ಲ ಕಲಿತ ನಾವು, ಅವರಿಗೆ ಅಷ್ಟೆಲ್ಲ ಕಲಿಸಿದ ನಾವು, ಈ ಒಂದು ಪಾಠವನ್ನು ಕಲಿಯುವುದು ಇನ್ನೂ ಬಾಕಿ ಇದೆ. ಮನೆ ಕಂದಾಯದ ರಸೀತಿಯಲ್ಲಿ ಗ್ರಂಥಾಲಯ ಕರ ಎಂಬ ಸಾಲು ಕಂಡಾಗ, ಆ ಹಣ ಯಾವ ಕಪಾಟಿಗೆ ತಲುಪಿತು ಎಂದು ಕೇಳುವ ಹಕ್ಕು ಪ್ರತಿಯೊಬ್ಬ ಓದುಗನಿಗೂ ಇದೆ.