ತೆಕ್ಕಲಕೋಟೆಯ ಬಂಗಾರ, ಹಟ್ಟಿಯ ಬೆಣಚುಕಲ್ಲು

ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡಗಳಲ್ಲಿ 1963-64ರಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರ ಉತ್ಖನನ ನಡೆಸಿದರು. ಕಲ್ಲುಕೊಡಲಿ, ಮಡಕೆ ಚೂರುಗಳ ಜೊತೆ ಚಿನ್ನದ ಒಡವೆಗಳೂ ಸಿಕ್ಕವು. ಸುಮಾರು ಮೂರೂವರೆ ಸಾವಿರ ವರ್ಷಗಳ ಹಿಂದೆ ದನ ಸಾಕಿಕೊಂಡು, ಬಂಡೆಗಳ ನಡುವೆ ಗುಡಿಸಲು ಹಾಕಿಕೊಂಡಿದ್ದ ಜನಕ್ಕೆ ಬಂಗಾರ ಎಲ್ಲಿಂದ ಬಂತು?

ಕೊಡಲಿಯ ಕಲ್ಲಿಗೆ ಈ ಸೀಮೆಯವರು ದೂರ ಹೋಗಬೇಕಿರಲಿಲ್ಲ. ಬಳ್ಳಾರಿ ನಗರದ ಪಕ್ಕದ ಸಂಗನಕಲ್ಲು ಹಿರೇಗುಡ್ಡದಲ್ಲಿ ಡಾಲರೈಟ್ ಎಂಬ ಕರಿಕಲ್ಲಿನ ಪಟ್ಟೆಯೇ ಇದೆ. ಅಲ್ಲಿ ಕೊಡಲಿಗಳು ರಾಶಿರಾಶಿಯಾಗಿ ತಯಾರಾಗುತ್ತಿದ್ದವು ಎಂಬುದನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಗುರುತಿಸಿದ್ದರು. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನ ಕುರಿತ ಅವರ ಗ್ರಂಥ 1895ರಲ್ಲಿ ಬಂತು. ಆದರೆ ಬಳ್ಳಾರಿಯ ಕೋಟೆಗುಡ್ಡವಾಗಲಿ ಕುರುಗೋಡಿನ ಬೆಟ್ಟಗಳಾಗಲಿ ಗ್ರಾನೈಟ್. ಬಂಗಾರ ಹುಡುಕುವವರು ನೋಡಬೇಕಾದದ್ದು ಶಿಸ್ಟ್ ಎಂಬ ಪದರಗಲ್ಲಿನ ಪಟ್ಟಿಗಳನ್ನು. ತುಂಗಭದ್ರೆ ದಾಟಿ ಉತ್ತರಕ್ಕೆ ಹೋದರೆ ರಾಯಚೂರು ಜಿಲ್ಲೆಯ ಹಟ್ಟಿ–ಮಸ್ಕಿ ಸೀಮೆಯಲ್ಲಿ ಅಂಥದ್ದೊಂದು ಪಟ್ಟಿ ಸಿಗುತ್ತದೆ.

ಅಲ್ಲಿ ಬಂಗಾರ ಕೂತಿರುವುದು ಬಿಳಿ ಬೆಣಚುಕಲ್ಲಿನ ಎಳೆಗಳಲ್ಲಿ ಮತ್ತು ಅವುಗಳ ಅಕ್ಕಪಕ್ಕದ ಬಂಡೆಯಲ್ಲಿ. ಪ್ರಾಚೀನ ಗಣಿಗಾರರು ಬಂಡೆಗೆ ಬೆಂಕಿ ಹಾಕಿ ಬಿರುಕು ಬಿಡಿಸಿ, ಆ ಎಳೆಯ ಹಿಂದೆಯೇ ಆಳಕ್ಕೆ ಇಳಿದರು. ಹಟ್ಟಿಯ ಹಳೆಯ ಗಣಿಯೊಳಗೆ ಸಿಕ್ಕ ಮರದ ತುಂಡುಗಳ ವಯಸ್ಸು ಸುಮಾರು 2000 ವರ್ಷ ಎಂದು ಇಂಗಾಲ ಪರೀಕ್ಷೆ ಹೇಳಿತು. ಇನ್ನೊಂದು ದಾರಿ ಹಳ್ಳದ ಮರಳು ತೊಳೆಯುವುದು. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು 19ನೇ ಶತಮಾನದಲ್ಲೂ ಆ ಕಸುಬು ಮಾಡುತ್ತಿದ್ದರು.

ಬೆಣಚಿನ ಬೆನ್ನು ಹತ್ತಬೇಕೆಂಬುದು ಪ್ರಾಚೀನ ಗಣಿಗಾರರಿಗೆ ಅನುಭವದಿಂದ ಗೊತ್ತಿತ್ತು. ಕಾರಣವಿರುವುದು ಆ ಹರಳಿನೊಳಗೆ.

ಬೆಣಚಿನ ಚೂರೊಂದನ್ನು ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಕೂದಲಿನ ದಪ್ಪಕ್ಕಿಂತಲೂ ಚಿಕ್ಕ ಗುಳಿಗಳು ಕಾಣುತ್ತವೆ. ಒಳಗೆ ದ್ರವ, ದ್ರವದಲ್ಲಿ ಒಂದು ಗುಳ್ಳೆ. ಹರಳು ಬೆಳೆಯುವಾಗ ಸುತ್ತಲಿದ್ದ ಬಿಸಿನೀರೇ ಹೀಗೆ ಸೆರೆಯಾದದ್ದು. ಇದರಿಂದ ಹರಳು ಹುಟ್ಟಿದ ಬಿಸಿಯನ್ನು ಲೆಕ್ಕ ಹಾಕಬಹುದೆಂದು 1858ರಲ್ಲಿ ತೋರಿಸಿದವರು ಇಂಗ್ಲೆಂಡಿನ ಹೆನ್ರಿ ಕ್ಲಿಫ್ಟನ್ ಸಾರ್ಬಿ. ಚೂರನ್ನು ಕಾಯಿಸುತ್ತ ಹೋದರೆ ಒಂದು ಹಂತದಲ್ಲಿ ಗುಳ್ಳೆ ಮಾಯವಾಗುತ್ತದೆ. ಹರಳು ಕಟ್ಟಿದಾಗ ಕನಿಷ್ಠ ಅಷ್ಟು ಬಿಸಿ ಇತ್ತೆಂದು ಅರ್ಥ. ಹೆಪ್ಪುಗಟ್ಟಿಸಿ ಮತ್ತೆ ಕರಗಿಸಿದರೆ, ಮಂಜುಗಡ್ಡೆ ಎಷ್ಟು ಡಿಗ್ರಿಯಲ್ಲಿ ಕರಗಿತು ಎಂಬುದು ಉಪ್ಪಿನ ಪ್ರಮಾಣ ಹೇಳುತ್ತದೆ. ಮೈನಸ್ 56.6 ಡಿಗ್ರಿಯಲ್ಲಿ ಕರಗುವುದು ಶುದ್ಧ ಕಾರ್ಬನ್ ಡೈಆಕ್ಸೈಡ್; ಅದಕ್ಕೂ ಕೆಳಗೆ ಕರಗಿದರೆ ಮೀಥೇನ್‌ನಂಥ ಬೇರೆ ಅನಿಲ ಬೆರೆತಿದೆ.

ಹಟ್ಟಿಯ ಬೆಣಚು ಒಪ್ಪಿಸಿದ ವರದಿ ಇಷ್ಟು: ಉಪ್ಪು ಕಡಿಮೆ, ಕಾರ್ಬನ್ ಡೈಆಕ್ಸೈಡ್ ಬೆರೆತ ಬಿಸಿನೀರು. ಸುಮಾರು 250 ಕೋಟಿ ವರ್ಷಗಳ ಹಿಂದೆ ಇಂಥ ನೀರಿನಲ್ಲಿ ಬಂಗಾರ ಗಂಧಕದೊಂದಿಗೆ ಕೂಡಿಕೊಂಡು ಕರಗಿ ಬಂತು. ದಾರಿಯ ಬಂಡೆಯಲ್ಲಿದ್ದ ಕಬ್ಬಿಣ ಆ ಗಂಧಕವನ್ನು ಎಳೆದುಕೊಂಡು ಪೈರೈಟ್ ಆಯಿತು. ಜೊತೆ ತಪ್ಪಿದ ಬಂಗಾರ ಅಲ್ಲೇ ಉಳಿಯಿತು. ಕಬ್ಬಿಣ ಹೆಚ್ಚಿರುವ ಕಪ್ಪು ಬಂಡೆಗಳಲ್ಲಿ ಚಿನ್ನ ಸಿಗುವುದಕ್ಕೆ ಇದೂ ಒಂದು ಕಾರಣ.

ಈ ಸೀಮೆಯ ಮೇಲೆ ಪಾಟಲಿಪುತ್ರದ ಕಣ್ಣೂ ಬಿದ್ದಿತ್ತು. ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನ ಅಶೋಕನ ಹೆಸರನ್ನೇ ಹೇಳಿತು. 1977-78ರ ಸುಮಾರಿಗೆ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳಗಳಲ್ಲೂ ಅವನ ಹೆಸರಿರುವ ಶಾಸನಗಳು ಬೆಳಕಿಗೆ ಬಂದವು. ದಕ್ಷಿಣದ ಅಶೋಕ ಶಾಸನಗಳಿಗೂ ಚಿನ್ನದ ನೆಲಕ್ಕೂ ನಂಟಿದೆ ಎಂದು ಪುರಾತತ್ವಜ್ಞ ಎಫ್.ಆರ್. ಆಲ್ಚಿನ್ 1962ರಲ್ಲೇ ವಾದಿಸಿದ್ದರು. ನಂತರ ಸಿಕ್ಕ ಈ ಎರಡು ಶಾಸನಗಳು ಆ ವಾದಕ್ಕೆ ಬಲ ಕೊಡುತ್ತವೆ.

ಹಟ್ಟಿ ಗಣಿ ಇಂದಿಗೂ ನಡೆಯುತ್ತಿದೆ. ಸಂಗನಕಲ್ಲಿನ ಕಥೆ ಹೇಳಲು ಬಳ್ಳಾರಿ ನಗರದಲ್ಲಿ ಫೂಟ್ ಹೆಸರಿನ ಸಂಗ್ರಹಾಲಯವಿದೆ. ಆದರೆ ಗುಡ್ಡಗಳ ಕಲ್ಲು ಜಲ್ಲಿಗೆ ಹೋಗುತ್ತಿದೆ. ಹಳೆಯ ಗಣಿಗುಂಡಿಗಳನ್ನೂ ಅದಿರು ಅರೆದ ಗುಳಿಗಳನ್ನೂ ಕ್ರಷರ್ ಮುಟ್ಟುವ ಮೊದಲು ಊರೂರಿನಲ್ಲಿ ದಾಖಲಿಸುವ ಕೆಲಸ ಆಗಬೇಕು.