ವಿದ್ಯಾರ್ಥಿಗಳ ಆತ್ಮಹತ್ಯೆ ತಡೆ: ಶಾಲಾ ಸಿಬ್ಬಂದಿಗೆ ಬೇಕಾದ ತರಬೇತಿ ಎಂಥದು?

ಬೆಂಗಳೂರು: ವಿದ್ಯಾರ್ಥಿಗಳ ಆತ್ಮಹತ್ಯೆ ತಡೆಯುವುದು ಮನೋವೈದ್ಯರ ಕೆಲಸ ಎಂಬ ಭಾವನೆ ಸಮಾಜದಲ್ಲಿ ಬೇರೂರಿದೆ. ಆದರೆ ಮಗುವಿನ ನಡವಳಿಕೆಯಲ್ಲಾಗುವ ಬದಲಾವಣೆಯನ್ನು ವೈದ್ಯರಿಗಿಂತ ಬಹಳ ಮೊದಲೇ ಕಾಣುವವರು ತರಗತಿಯ ಶಿಕ್ಷಕರು, ಆಯಾಗಳು ಹಾಗೂ ಶಾಲಾ ವಾಹನದ ಚಾಲಕರು. ಕಂಡದ್ದನ್ನು ಗುರುತಿಸಿ, ಸರಿಯಾದ ಕೈಗೆ ತಲುಪಿಸಲು ಇವರನ್ನು ಸಜ್ಜುಗೊಳಿಸುವುದೇ ಈ ತರಬೇತಿಯ ತಿರುಳು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಅಂಕಿ ಅಂಶಗಳ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡಿದ್ದು, ಅವರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಪರೀಕ್ಷೆಯ ಸೋಲನ್ನು ಇಂಥ ಸಾವುಗಳಿಗೆ ಕಾರಣವಾಗಿ ಹೇಳುವುದು ರೂಢಿ. ವಾಸ್ತವದಲ್ಲಿ ಕುಟುಂಬ ಕಲಹ, ಖಿನ್ನತೆ, ಕಿರುಕುಳ, ಅವಮಾನ ಮೊದಲಾದ ಹಲವು ಕಾರಣಗಳು ಒಟ್ಟುಗೂಡಿರುತ್ತವೆ. ಒಂದೇ ಕಾರಣವನ್ನು ಹುಡುಕುವವರಿಗೆ ಉಳಿದ ಸೂಚನೆಗಳು ಕಾಣದೆ ಹೋಗುತ್ತವೆ.

ಸುಪ್ರೀಂ ಕೋರ್ಟ್ ನಿರ್ದೇಶನ

ವಿಶಾಖಪಟ್ಟಣದಲ್ಲಿ ನೀಟ್ ತರಬೇತಿ ಪಡೆಯುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು 15 ಮಾರ್ಗಸೂಚಿಗಳನ್ನು ನೀಡಿತು. ಇವು ಸರ್ಕಾರಿ ಮತ್ತು ಖಾಸಗಿ ಶಾಲೆ, ಕಾಲೇಜು, ಕೋಚಿಂಗ್ ಕೇಂದ್ರ ಹಾಗೂ ಹಾಸ್ಟೆಲುಗಳಿಗೆಲ್ಲ ಅನ್ವಯಿಸುತ್ತವೆ. ಇದರಂತೆ ಬೋಧಕ ಹಾಗೂ ಬೋಧಕೇತರ ಸಿಬ್ಬಂದಿಗೆಲ್ಲ ವರ್ಷಕ್ಕೆ ಕನಿಷ್ಠ ಎರಡು ಬಾರಿ ಕಡ್ಡಾಯ ತರಬೇತಿ ನೀಡಬೇಕು. ಮಾನಸಿಕ ಪ್ರಥಮ ಚಿಕಿತ್ಸೆ, ಅಪಾಯದ ಮುನ್ಸೂಚನೆಗಳ ಪತ್ತೆ, ತನಗೆ ತಾನೇ ಗಾಯ ಮಾಡಿಕೊಂಡ ಮಗುವಿಗೆ ನೆರವು, ತಜ್ಞರ ಬಳಿಗೆ ಕಳುಹಿಸುವ ವಿಧಾನ, ಇವು ತರಬೇತಿಯ ವಿಷಯಗಳು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತ ಸಮಾಲೋಚಕರಿರಬೇಕು. ಸಣ್ಣ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಸಂಪರ್ಕ ಏರ್ಪಡಿಸಿಕೊಳ್ಳಬೇಕು. ಸಹಾಯವಾಣಿ ಸಂಖ್ಯೆಗಳನ್ನು ಎಲ್ಲರಿಗೂ ಕಾಣುವಂತೆ ಪ್ರದರ್ಶಿಸಬೇಕು.

ಇದಕ್ಕೂ ಮೊದಲು, 2020ರ ಫೆಬ್ರುವರಿಯಲ್ಲಿ ಆಯುಷ್ಮಾನ್ ಭಾರತ್ ಅಡಿ ಆರಂಭವಾದ ಶಾಲಾ ಆರೋಗ್ಯ ಕಾರ್ಯಕ್ರಮವು ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳನ್ನಾಗಿ ಸಿದ್ಧಪಡಿಸುವ ಉದ್ದೇಶ ಹೊಂದಿತ್ತು. ಇಬ್ಬರಿಂದ ಎಲ್ಲ ಸಿಬ್ಬಂದಿಯವರೆಗೆ ಹೊಣೆ ವಿಸ್ತರಿಸಿದ್ದು ಸುಪ್ರೀಂ ಕೋರ್ಟ್ ನಿರ್ದೇಶನದ ಮುಖ್ಯಾಂಶ.

ದಂಡು ಪ್ರದೇಶದ ನಂಟು

ಬೆಂಗಳೂರಿನ ದಂಡು ಪ್ರದೇಶಕ್ಕೆ ಈ ವಿಷಯ ಹೊಸದಲ್ಲ. 1964ರಲ್ಲಿ ಸ್ಥಾಪನೆಯಾದ, ಪಾಟರಿ ರಸ್ತೆಯ ಮೆಡಿಕೊ ಪಾಸ್ಟೋರಲ್ ಅಸೋಸಿಯೇಷನ್ ಸಂಸ್ಥೆಯು ನಿಮ್ಹಾನ್ಸ್ ಹಾಗೂ ರೋಟರಿ ಬೆಂಗಳೂರು ಈಸ್ಟ್ ಸಹಯೋಗದಲ್ಲಿ 2002ರಲ್ಲಿ 'ಸಹಾಯ್' ದೂರವಾಣಿ ಸಹಾಯವಾಣಿಯನ್ನು ಆರಂಭಿಸಿತು. ವೈದ್ಯರಲ್ಲದ, ತರಬೇತಿ ಪಡೆದ ಸ್ವಯಂಸೇವಕರೂ ಸಂಕಟದಲ್ಲಿರುವವರ ಮಾತನ್ನು ಆಲಿಸಬಲ್ಲರು ಎಂಬುದು ಅದರ ಹಿಂದಿನ ನಂಬಿಕೆ. ಶಾಲಾ ಸಿಬ್ಬಂದಿಯ ತರಬೇತಿ ನಿಂತಿರುವುದೂ ಇದೇ ನಂಬಿಕೆಯ ಮೇಲೆ.

ಶಿವಾಜಿನಗರ, ಹಲಸೂರುಗಳಿಂದ ಇಂದಿರಾನಗರ, ಕೆ.ಆರ್.ಪುರದವರೆಗಿನ ಪೂರ್ವ ಭಾಗದಲ್ಲಿ ಭಾಷೆಯ ಪ್ರಶ್ನೆಯೂ ಮುಖ್ಯವಾಗುತ್ತದೆ. ಇಲ್ಲಿನ ಮಕ್ಕಳ ಮನೆಮಾತು ಕನ್ನಡ, ತಮಿಳು, ಉರ್ದು, ತೆಲುಗು ಅಥವಾ ಹಿಂದಿ ಆಗಿರಬಹುದು; ಪಾಠದ ಮಾಧ್ಯಮ ಇಂಗ್ಲಿಷ್ ಆಗಿರಬಹುದು. ದುಃಖ ತೋಡಿಕೊಳ್ಳಲು ಮಗುವಿಗೆ ಒದಗುವುದು ಮನೆಮಾತೇ. ಆ ಮಾತು ಬಲ್ಲವರು ತರಗತಿಯ ಶಿಕ್ಷಕಿಯಾಗಿರದೆ ಆಯಾ, ಕಾವಲುಗಾರ ಅಥವಾ ಬಿಸಿಯೂಟದ ಅಡುಗೆಯವರಾಗಿರಬಹುದು. ಬೋಧಕೇತರ ಸಿಬ್ಬಂದಿಯನ್ನು ಹೊರಗಿಟ್ಟು ನಡೆಸುವ ತರಬೇತಿ ಇಂಥ ಕಡೆ ಅರ್ಧಂಬರ್ಧವಾಗುತ್ತದೆ.

ಏನನ್ನು ಕಲಿಸಲಾಗುತ್ತದೆ?

'ಗೇಟ್‌ಕೀಪರ್' ತರಬೇತಿ ಎಂದು ಕರೆಯಲಾಗುವ ಈ ಕ್ರಮದಲ್ಲಿ ಮುಖ್ಯವಾಗಿ ಮೂರು ಹಂತಗಳಿವೆ.

ಗಮನಿಸುವುದು: ಗೆಳೆಯರಿಂದ ದೂರ ಸರಿಯುವುದು, ಪದೇ ಪದೇ ಗೈರುಹಾಜರಿ, ಇಷ್ಟದ ಆಟಪಾಠಗಳಲ್ಲಿ ನಿರಾಸಕ್ತಿ, ಪ್ರಿಯವಾದ ವಸ್ತುಗಳನ್ನು ಹಂಚಿಬಿಡುವುದು, ತಾನು ಇತರರಿಗೆ ಹೊರೆ ಎಂಬ ಮಾತು, ಪ್ರಬಂಧ ಅಥವಾ ನೋಟ್‌ಬುಕ್ಕಿನಲ್ಲಿ ಸಾವಿನ ಪ್ರಸ್ತಾಪ, ದೇಹದ ಮೇಲಿನ ಗಾಯದ ಗುರುತುಗಳು ಎಚ್ಚರಿಕೆಯ ಸೂಚನೆಗಳು. ಯಾವುದೇ ಒಂದು ಲಕ್ಷಣದಿಂದ ತೀರ್ಮಾನಕ್ಕೆ ಬರಲಾಗದು. ಆದರೆ ಹಠಾತ್ ಬದಲಾವಣೆಯನ್ನು ಕಡೆಗಣಿಸಲೂಬಾರದು.

ಕೇಳುವುದು: ಆತ್ಮಹತ್ಯೆಯ ಬಗ್ಗೆ ಕೇಳಿದರೆ ಮಗುವಿನ ತಲೆಯಲ್ಲಿ ಆ ಯೋಚನೆಯನ್ನು ನಾವೇ ಬಿತ್ತಿದಂತೆ ಎಂಬ ಭಯ ಶಿಕ್ಷಕರಲ್ಲಿ ವ್ಯಾಪಕವಾಗಿದೆ. ಇದು ತಪ್ಪು ಕಲ್ಪನೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟಪಡಿಸಿದೆ. ಇತರರ ಕಿವಿಗೆ ಬೀಳದ ಜಾಗದಲ್ಲಿ ಕೂರಿಸಿಕೊಂಡು, 'ನಿನಗೆ ಸಾಯಬೇಕು ಅಂತ ಅನ್ನಿಸ್ತಾ ಇದೆಯಾ?' ಎಂದು ನೇರವಾಗಿ, ಮೃದುವಾಗಿ ಕೇಳುವುದನ್ನು ತರಬೇತಿಯಲ್ಲಿ ಅಭ್ಯಾಸ ಮಾಡಿಸಬೇಕು. 'ಇಷ್ಟಕ್ಕೆಲ್ಲಾ ಯಾರಾದ್ರೂ ಅಳ್ತಾರಾ?', 'ಅಪ್ಪ ಅಮ್ಮನ ಕಷ್ಟ ನಿನಗೆ ಗೊತ್ತಾ?' ಎಂಬಂಥ ಮಾತುಗಳು ಮಗುವಿನ ಬಾಯಿ ಮುಚ್ಚಿಸುತ್ತವೆ.

ತಲುಪಿಸುವುದು: ಅಪಾಯ ಕಂಡ ಮಗುವನ್ನು ಒಂಟಿಯಾಗಿ ಬಿಡದೆ ಸಮಾಲೋಚಕರು, ಪೋಷಕರು ಮತ್ತು ವೈದ್ಯರ ವಶಕ್ಕೆ ಒಪ್ಪಿಸಬೇಕು. 'ಯಾರಿಗೂ ಹೇಳುವುದಿಲ್ಲ' ಎಂಬ ಭಾಷೆಯನ್ನು ಸಿಬ್ಬಂದಿ ಕೊಡಕೂಡದು. ಜೀವಕ್ಕೆ ಅಪಾಯವಿದ್ದಾಗ ಹೇಳಲೇಬೇಕಾಗುತ್ತದೆ ಎಂಬುದನ್ನು ಮಗುವಿಗೆ ಮೊದಲೇ ತಿಳಿಸುವುದು ಲೇಸು. ಲೈಂಗಿಕ ದೌರ್ಜನ್ಯ ತಿಳಿದುಬಂದರೆ ಪೋಕ್ಸೊ ಕಾಯ್ದೆಯಡಿ ವರದಿ ಮಾಡುವುದು ಕಡ್ಡಾಯ. ಮನೆಯಲ್ಲೇ ದೌರ್ಜನ್ಯ ನಡೆಯುತ್ತಿದ್ದರೆ ಪೋಷಕರಿಗೆ ಸುದ್ದಿ ಮುಟ್ಟಿಸುವ ಮುನ್ನ ಮಗುವಿನ ಸುರಕ್ಷತೆಯನ್ನು ಖಚಿತಪಡಿಸಿಕೊಳ್ಳಬೇಕು.

ತರಬೇತಿಯೊಂದೇ ಸಾಕೆ?

ಸಾಲದು ಎನ್ನುತ್ತದೆ ಈ ಕ್ಷೇತ್ರದ ದೊಡ್ಡ ಅಧ್ಯಯನಗಳಲ್ಲೊಂದು. ಯುರೋಪಿನ 10 ದೇಶಗಳ 168 ಶಾಲೆಗಳಲ್ಲಿ 11,110 ವಿದ್ಯಾರ್ಥಿಗಳನ್ನು ಒಳಗೊಂಡು ನಡೆದ ಈ ಅಧ್ಯಯನ 2015ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಶಿಕ್ಷಕರಿಗೆ ಮಾತ್ರ ತರಬೇತಿ ನೀಡಿದ ಶಾಲೆಗಳಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಆದರೆ ಮಾನಸಿಕ ಆರೋಗ್ಯದ ಬಗ್ಗೆ ವಿದ್ಯಾರ್ಥಿಗಳೇ ಪಾತ್ರಾಭಿನಯ, ಚರ್ಚೆಗಳ ಮೂಲಕ ಕಲಿತ ಶಾಲೆಗಳಲ್ಲಿ 12 ತಿಂಗಳ ಬಳಿಕ ಆತ್ಮಹತ್ಯಾ ಯತ್ನದ ಪ್ರಮಾಣ ಶೇ 0.70 ಇದ್ದರೆ, ಹೋಲಿಕೆಗೆಂದು ಇರಿಸಿದ್ದ ಶಾಲೆಗಳಲ್ಲಿ ಅದು ಶೇ 1.51 ಇತ್ತು.

ಶಿಕ್ಷಕರ ತರಬೇತಿ ವ್ಯರ್ಥ ಎಂಬುದು ಇದರ ಅರ್ಥವಲ್ಲ. ಸಂಕಟವನ್ನು ಮಗು ಮೊದಲು ಹೇಳಿಕೊಳ್ಳುವುದು ಬಹುತೇಕ ಗೆಳೆಯರ ಬಳಿ. ಅದನ್ನು ಗುಟ್ಟಾಗಿಡದೆ ದೊಡ್ಡವರಿಗೆ ತಿಳಿಸಬೇಕೆಂಬುದು ಆ ಗೆಳೆಯರಿಗೂ ಗೊತ್ತಿರಬೇಕು. ಕೇಳಿಸಿಕೊಳ್ಳುವ ದೊಡ್ಡವರು ಶಾಲೆಯಲ್ಲಿರಬೇಕು. ಆ ದೊಡ್ಡವರು ಮಗುವನ್ನು ಕರೆದೊಯ್ಯಲು ಒಂದು ಜಾಗವೂ ಇರಬೇಕು. ಈ ಮೂರರಲ್ಲಿ ಒಂದು ಕೊಂಡಿ ಕಳಚಿದರೂ ತರಬೇತಿ ಪ್ರಮಾಣಪತ್ರಕ್ಕಷ್ಟೇ ಸೀಮಿತವಾಗುತ್ತದೆ.

ಕಾನೂನಿನ ಭಯ ಬೇಡ

ಪೊಲೀಸ್ ಪ್ರಕರಣದ ಭೀತಿಯಿಂದ ವಿಷಯ ಮುಚ್ಚಿಡುವ ಪ್ರವೃತ್ತಿ ಹಿಂದಿನಿಂದಲೂ ಇದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಹೇಳುತ್ತದೆ. ಆತ್ಮಹತ್ಯಾ ಯತ್ನವನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 309ನೇ ಸೆಕ್ಷನ್, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮುಂದುವರಿದಿಲ್ಲ. ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಲು ಹಿಂಜರಿಯಬೇಕಿಲ್ಲ.

ಯತ್ನದ ನಂತರ ಮಗು ಶಾಲೆಗೆ ಮರಳುವ ದಿನಗಳೂ ಸೂಕ್ಷ್ಮವಾದವು. ಯಾರು ದಿನವೂ ಮಾತನಾಡಿಸಬೇಕು, ತಪ್ಪಿದ ಪಾಠಗಳನ್ನು ಹೇಗೆ ತುಂಬಿಕೊಡಬೇಕು, ಸಹಪಾಠಿಗಳಿಗೆ ಎಷ್ಟು ತಿಳಿಸಬೇಕು ಎಂಬುದನ್ನು ಪೋಷಕರೊಡನೆ ಮೊದಲೇ ನಿರ್ಧರಿಸಿಕೊಳ್ಳಬೇಕು.

ಪೋಷಕರು ಕೇಳಬಹುದಾದ ಪ್ರಶ್ನೆಗಳು

ಸಿಬ್ಬಂದಿಗೆ ಕಳೆದ ತರಬೇತಿ ಯಾವಾಗ ನಡೆಯಿತು? ಆಯಾಗಳು, ಚಾಲಕರು ಅದರಲ್ಲಿದ್ದರೆ? ಸಮಾಲೋಚಕರು ಯಾವ ಭಾಷೆಗಳನ್ನು ಬಲ್ಲರು? ತುರ್ತು ಸಂದರ್ಭದಲ್ಲಿ ಮಗುವನ್ನು ಯಾವ ಆಸ್ಪತ್ರೆಗೆ ಒಯ್ಯಲಾಗುತ್ತದೆ? ಈ ನಾಲ್ಕು ಪ್ರಶ್ನೆಗಳಿಗೆ ಪ್ರತಿ ಶಾಲೆಯಲ್ಲೂ ಸಿದ್ಧ ಉತ್ತರವಿರಬೇಕು.

ನೆರವಿಗೆ: 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ದಿನದ 24 ಗಂಟೆಯೂ ಉಚಿತವಾಗಿ ಲಭ್ಯ. ಮಕ್ಕಳ ಸಹಾಯವಾಣಿ 1098. ಜೀವಾಪಾಯವಿದ್ದಲ್ಲಿ 112ಕ್ಕೆ ಕರೆ ಮಾಡಬೇಕು ಅಥವಾ ಹತ್ತಿರದ ಆಸ್ಪತ್ರೆಗೆ ತಕ್ಷಣ ಕರೆದೊಯ್ಯಬೇಕು.