ಆ ಕುರ್ಚಿ ಮೇಲೆ ಯಾರು ಕೂತ್ಕೋಬಹುದು?

(ಭಾಗ 1)

ಭಾನುವಾರ ಬೆಳಗ್ಗೆ ಫೋನ್‌ನಲ್ಲಿ ಒಂದು ಫೋಟೋ ತೋರಿಸಿ "ಅಣ್ಣ, ಇದೇ ತರ ಫೇಡ್ ಬೇಕು" ಅಂತ ಕೂತ್ಕೋತೀರಲ್ಲ, ಆ ಮುಕ್ಕಾಲು ಗಂಟೆ ಹಿಂದೆ ಏನೇನಿದೆ ಅಂತ ಬರೀಬೇಕು ಅನ್ನೋದು ತುಂಬಾ ದಿನದಿಂದ ತಲೇಲಿತ್ತು. ಹೋದ ವಾರ ಕಾರಣ ಸಿಕ್ತು. ಕ್ಲಾಸಲ್ಲಿ ಒಬ್ಬ ಇನ್ನೊಬ್ಬನಿಗೆ ಬೈಯೋಕೆ "ಹಜಾಮ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕ ಹಾಗೆ ಮಾಡಿ ಪುಸ್ತಕ ತೆಗೆದೆ.

ನಿಮ್ಮಲ್ಲಿ ಒಂದಿಬ್ಬರಿಗೆ ಗೊತ್ತು, ಉಳಿದವರಿಗೆ ಈಗ ಹೇಳ್ತಿದ್ದೀನಿ: ನಮ್ಮಪ್ಪ ಕುಂದೂರಲ್ಲಿ ಕಟಿಂಗ್ ಶಾಪ್ ಇಟ್ಟಿದ್ದಾರೆ. ನಮ್ಮ ಸೆಮಿಸ್ಟರ್ ಫೀಸು ಬರೋದು ಅಲ್ಲಿಂದಲೇ. ಬೈದವನ ಹೆಸರು ಹೇಳಲ್ಲ, ಟ್ಯಾಗೂ ಮಾಡಲ್ಲ. ಆ ಪದದ ಕಥೆ ಮಾತ್ರ ಹೇಳ್ತೀನಿ.

(ಭಾಗ 2)

ಅರಬ್ಬಿ ಭಾಷೇಲಿ "ಹಜ್ಜಾಮ್" ಅಂದ್ರೆ ಬೆನ್ನಿಗೆ ಬಟ್ಟಲು ಕವುಚಿ ರಕ್ತ ತೆಗೆಯೋ ಚಿಕಿತ್ಸೆ ಮಾಡೋನು. ಕ್ರಿಕೆಟರ್‌ಗಳೂ ಸಿನಿಮಾದವರೂ ಈಗ ದುಡ್ಡು ಕೊಟ್ಟು ಮಾಡಿಸ್ಕೊಂಡು ಫೋಟೋ ಹಾಕ್ತಾರಲ್ಲ, ಕಪ್ಪಿಂಗ್, ಅದೇ. ಚೂಪಾದ ಕತ್ತಿ ಯಾರ ಕೈಯಲ್ಲಿತ್ತೋ ಅವರೇ ಕ್ಷೌರನೂ ಮಾಡ್ತಿದ್ರು, ಗಾಯನೂ ನೋಡ್ತಿದ್ರು. ಲಂಡನ್‌ನಲ್ಲಿ 1540ರಿಂದ 1745ರವರೆಗೆ ಕ್ಷೌರಿಕರು ಮತ್ತು ಸರ್ಜನ್‌ಗಳದ್ದು ಒಂದೇ ಸಂಘ. ಬೇರೆ ಆದಮೇಲೆ ಒಬ್ಬರು ಡಾಕ್ಟರ್ ಸಾಲಿಗೆ ಹೋದರು, ಇನ್ನೊಬ್ಬರ ಕಸುಬಿನ ಹೆಸರು ನಮ್ಮೂರಲ್ಲಿ ಬೈಗುಳ ಆಯ್ತು.

ನಮ್ಮ ಕಡೆ ಇನ್ನೊಂದು ಪದ ಇದೆ, ಹಡಪ. ಅಂದ್ರೆ ಚೀಲ. ಎಲೆ ಅಡಿಕೆ ಚೀಲಕ್ಕೂ ಹಡಪ ಅಂತಾರೆ, ಕತ್ತರಿ ಕತ್ತಿ ಇಟ್ಕೊಳ್ಳೋ ಚೀಲಕ್ಕೂ ಹಡಪ ಅಂತಾರೆ. 12ನೇ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರಿಗೆ ತೀರಾ ಹತ್ತಿರ ಇದ್ದ ಶರಣರ ಹೆಸರಲ್ಲೇ ಆ ಚೀಲ ಇದೆ: ಹಡಪದ ಅಪ್ಪಣ್ಣ. ಅವರೂ ವಚನ ಬರೆದ್ರು, ಅವರ ಹೆಂಡತಿ ಲಿಂಗಮ್ಮನೂ ಬರೆದ್ರು. ಹೈಸ್ಕೂಲಲ್ಲಿ ಜಯಂತಿ ದಿನ ಫೋಟೋಗೆ ಹೂ ಹಾಕಿ ಕೈ ಮುಗಿದಿದ್ದೀವಿ. ಹೆಸರಲ್ಲಿ ಯಾಕೆ ಚೀಲ ಇದೆ ಅಂತ ಒಬ್ಬರೂ ಕೇಳಿರಲಿಲ್ಲ, ನಾನೂ ಸೇರಿ.

(ಭಾಗ 3: ಇದು ಬರೆಯೋಕೆ ಕಷ್ಟ ಆಯ್ತು)

ತಾತನ ಕಾಲದಲ್ಲಿ ಅಂಗಡಿ ಇರಲಿಲ್ಲ. ಹಡಪ ಹಿಡ್ಕೊಂಡು ಮನೆ ಮನೆಗೆ ಹೋಗೋದು, ಗದ್ದೆ ಬದು, ಕಾಫಿ ತೋಟ ದಾಟಿ, ಮಳೆಗಾಲದಲ್ಲಿ ಕಂಬಳಿ ಹೊದ್ಕೊಂಡು. ಜಗಲಿ ಹೊರಗೆ ಮನೆಯವರು ಮಣೆ ಮೇಲೆ ಕೂತ್ಕೋತಿದ್ರು, ತಾತ ಎದುರಿಗೆ ಕುಕ್ಕರಗಾಲಲ್ಲಿ. ಕೈಗೆ ಕಾಸು ಬರ್ತಿರಲಿಲ್ಲ. ಸುಗ್ಗೀಲಿ ಕಣಕ್ಕೆ ಹೋದ್ರೆ ಇಷ್ಟು ಕೊಳಗ ಭತ್ತ ಅಂತ ಅಳೆದು ಕೊಡೋರು. ಅದಕ್ಕೆ ಆಯ ಅಂತ ಹೆಸರು. ಕಮ್ಮಾರ, ಬಡಗಿ, ಕುಂಬಾರ, ಅಗಸ ಎಲ್ಲ ಸೇರಿದ ಹನ್ನೆರಡು ಆಯಗಾರರ ವ್ಯವಸ್ಥೆ ಇದು, ವಿಜಯನಗರದ ಕಾಲದ ಪಾಠದಲ್ಲಿ ಎರಡು ಮಾರ್ಕ್ಸ್‌ಗೆ ಓದಿರ್ತೀರ. ಅಳೆಯೋ ಕೊಳಗ ಮಾತ್ರ ಯಾವತ್ತೂ ಕೊಡೋರ ಕೈಯಲ್ಲೇ ಇರ್ತಿತ್ತು. ಕಾಮರ್ಸ್ ಓದೋರಿಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿವರೆಗೂ ನಾನು "ನಮಗೆ ಅವಮಾನ ಆಯ್ತು" ಅಂತ ಬರೀತಾ ಬಂದೆ. ಆದ್ರೆ ಅಪ್ಪನ ಹತ್ರ ಕೂತು ಕೇಳ್ತಾ ಇರುವಾಗ ಒಂದು ಪ್ರಶ್ನೆ ಬಾಯಿಗೆ ಬಂತು. "ತಾತ ದಲಿತರ ಕೇರಿಗೂ ಹೋಗ್ತಿದ್ರಾ ಅಪ್ಪ?"

ಅಪ್ಪ ಸ್ವಲ್ಪ ಹೊತ್ತು ಕತ್ತರಿ ಒರೆಸ್ತಾ ಇದ್ರು. "ಇಲ್ಲ ಮಗ. ಹೋಗಿದ್ರೆ ಉಳಿದ ಮನೆಯೋರು ಕರೀತಿರಲಿಲ್ಲ."

ಆ ಮಾತು ನಿಜ ಅಂತಲೂ ಗೊತ್ತು, ಅದು ಪೂರ್ತಿ ಉತ್ತರ ಅಲ್ಲ ಅಂತಲೂ ಗೊತ್ತು. ಕೇರಿಯೋರು ಒಬ್ಬರಿಗೊಬ್ಬರು ತಾವೇ ಕೂದಲು ಕತ್ತರಿಸ್ಕೋತಿದ್ರಂತೆ. ತಾತನ್ನ ನಾನು ಬಹಳ ಪ್ರೀತಿಸ್ತಿದ್ದೆ. ಆದ್ರೂ ಇದನ್ನ ಬಿಟ್ಟು ಕಥೆ ಹೇಳೋಕಾಗಲ್ಲ.

(ಭಾಗ 4)

29 ನವೆಂಬರ್ 1948. ಸಂವಿಧಾನ ರಚನಾ ಸಭೆಯಲ್ಲಿ ಕರಡಿನ 9ನೇ ವಿಧಿ ಮೇಲೆ ಚರ್ಚೆ, ಈಗಿನ 15ನೇ ವಿಧಿ. ಜಾತಿ ಕಾರಣಕ್ಕೆ ಯಾರನ್ನೂ ಅಂಗಡಿ, ಹೋಟೆಲಿನಿಂದ ಹೊರಗಿಡಬಾರದು ಅಂತ ಅದ್ರಲ್ಲಿದೆ. "ಅಂಗಡಿ" ಅಂದ್ರೆ ಏನು, ಕ್ಷೌರದಂಗಡಿ, ಬಟ್ಟೆ ಒಗೆಯೋ ಅಂಗಡಿ ಸೇರುತ್ತಾ ಅನ್ನೋ ಪ್ರಶ್ನೆ ಅಲ್ಲಿ ಎದ್ದಿತು. ಈ ಪದವನ್ನ ವಿಶಾಲ ಅರ್ಥದಲ್ಲಿ ಬಳಸಿದ್ದೀವಿ, ಸೇವೆ ಕೊಡ್ತೀನಿ ಅಂತ ಕೂತವರೆಲ್ಲ ಅದ್ರೊಳಗೆ ಬರ್ತಾರೆ ಅನ್ನೋದು ಅಂಬೇಡ್ಕರ್ ಕೊಟ್ಟ ಉತ್ತರದ ಸಾರಾಂಶ. ದೇಶದ ಸಂವಿಧಾನ ಬರೀತಾ ಕೂತೋರು ಕಟಿಂಗ್ ಶಾಪ್ ಬಗ್ಗೆ ಮಾತಾಡಿದ್ರು ಅನ್ನೋದನ್ನ ಓದಿದಾಗ ನಾನು ಲೈಬ್ರರೀಲಿ ಎದ್ದು ನಿಂತ್ಕೊಂಡೆ, ಸುಳ್ಳಲ್ಲ.

ಆಮೇಲೆ 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂತು. (1976ರಲ್ಲಿ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರು ಬದಲಾಯ್ತು.) ಅದ್ರಲ್ಲಿ ಅಂಗಡಿ ಅನ್ನೋದರ ವ್ಯಾಖ್ಯಾನದಲ್ಲೇ "ಹೇರ್ ಕಟಿಂಗ್ ಸಲೂನ್" ಅಂತ ಬಿಡಿಸಿ ಬರೆದಿದ್ದಾರೆ.

ಇದು ಹಳೇ ಕಾಲದ ಮಾತು ಅನ್ನೋರಿಗೆ: 2020ರಲ್ಲಿ ನಂಜನಗೂಡು ತಾಲ್ಲೂಕಿನ ಒಂದು ಹಳ್ಳೀಲಿ ದಲಿತರಿಗೆ ಕಟಿಂಗ್ ಮಾಡಿದ್ದಕ್ಕೆ ಕ್ಷೌರಿಕರೊಬ್ಬರ ಕುಟುಂಬಕ್ಕೆ ಬಹಿಷ್ಕಾರ ಹಾಕಿ ದಂಡ ಕೇಳಿದ ಸುದ್ದಿ ಪೇಪರಲ್ಲಿ ಬಂದಿತ್ತು. ನಾವಾಗ ಹೈಸ್ಕೂಲು.

ನಮ್ಮಪ್ಪ ಶಾಪ್ ತೆಗೆದ ದಿನ ಅಜ್ಜಿ ಕೇಳಿದ್ರಂತೆ, ಎಲ್ಲರೂ ಬಂದ್ರೆ ಏನ್ ಮಾಡ್ತೀಯ ಅಂತ. "ಕುರ್ಚಿ ಇರೋದು ಒಂದೇ, ಬಂದೋರು ಸಾಲಲ್ಲಿ ಕೂರ್ತಾರೆ" ಅಂದ್ರಂತೆ ಅಪ್ಪ. ಮೊದಲ ವರ್ಷ ಕೆಲವು ಮನೆಯೋರು ಆಲೂರಿಗೇ ಹೋಗಿ ಮಾಡಿಸ್ಕೊಂಡು ಬರ್ತಿದ್ರು. ಆಮೇಲೆ ಬಸ್ ಚಾರ್ಜು ಜಾಸ್ತಿ ಆಯ್ತು ಅನ್ಸುತ್ತೆ, ವಾಪಸ್ ಬಂದ್ರು.

(ಭಾಗ 5: ಈಗ ನಿಮ್ಮ ಫೇಡ್)

ಕುರ್ಚಿ ಬಂದ ಮೇಲೆ ಕೆಲಸವೂ ಬದಲಾಯ್ತು. ಮಣೆ ಮೇಲೆ ಕೂತೋರ ತಲೆ ಸುತ್ತ ತಿರುಗೋಕಾಗಲ್ಲ. ಕುರ್ಚಿ ಇದ್ರೆ ತಲೆ ಕಣ್ಣಿನ ಮಟ್ಟಕ್ಕೆ ಬರುತ್ತೆ, ಕನ್ನಡೀಲಿ ಎರಡೂ ಕಡೆ ಒಟ್ಟಿಗೆ ಕಾಣುತ್ತೆ. ಅಳತೆಯ ಕಟಿಂಗ್‌ಗೆ ಇದು ಬೇಕೇ ಬೇಕು.

ಈ ಅಳತೆಯ ವಿದ್ಯೆಗೆ ದೊಡ್ಡ ಹೆಸರು ವಿಡಾಲ್ ಸಸೂನ್. 1928ರಲ್ಲಿ ಲಂಡನ್‌ನಲ್ಲಿ ಹುಟ್ಟಿದ ಬಡ ಯಹೂದಿ ಹುಡುಗ, ಅನಾಥಾಲಯದಲ್ಲಿ ಬೆಳೆದು 14ನೇ ವಯಸ್ಸಿಗೆ ಸಲೂನ್‌ಗೆ ಕೆಲಸಕ್ಕೆ ಸೇರಿದವನು. ಆಗ ಹೆಂಗಸರು ವಾರಕ್ಕೊಮ್ಮೆ ಸಲೂನಿಗೆ ಹೋಗಿ ರೋಲರ್ ಸುತ್ತಿ, ಡ್ರೈಯರ್ ಕೆಳಗೆ ಕೂತು, ಸ್ಪ್ರೇ ಹೊಡೆಸ್ಕೊಂಡು ಬರ್ತಿದ್ರು. ಕೂದಲು ಸರಿಯಾಗಿ ಕತ್ತರಿಸಿದ್ರೆ ಇದ್ಯಾವುದೂ ಬೇಡ, ತೊಳೆದು ತಲೆ ಕೊಡವಿದ್ರೆ ತಾನೇ ಜಾಗಕ್ಕೆ ಬಂದು ಬೀಳಬೇಕು ಅನ್ನೋದು ಅವನ ಹಟ. 1963ರಲ್ಲಿ ಫ್ಯಾಶನ್ ಡಿಸೈನರ್ ಮೇರಿ ಕ್ವಾಂಟ್‌ಗೆ ಮಾಡಿದ ಚೂಪು ಅಂಚಿನ ಬಾಬ್ ಕಟ್‌ನಿಂದ ಅವನ ಹೆಸರು ಎಲ್ಲ ಕಡೆ ಹೋಯ್ತು. ಬಾಬ್ ಕಟ್ ಅವನಿಗಿಂತ ಹಳೇದು. ಅದಕ್ಕೆ ಲೆಕ್ಕ ತಂದವನು ಅವನು.

ಲೆಕ್ಕ ಹೀಗೆ. ಒದ್ದೆ ಕೂದಲನ್ನ ಬೈತಲೆ ತೆಗೆದು ಭಾಗ ಮಾಡಬೇಕು. ಮೊದಲು ಒಂದು ಎಳೆ ಕತ್ತರಿಸಬೇಕು, ಉಳಿದದ್ದಕ್ಕೆಲ್ಲ ಅದೇ ಅಳತೆಗೋಲು. ಬೆರಳ ಮಧ್ಯೆ ಹಿಡಿದಾಗ ಎಳೆತ ಎಲ್ಲ ಕಡೆ ಒಂದೇ ಇರಬೇಕು, ಒಂದು ಕಡೆ ಬಿಗಿ ಹಿಡಿದ್ರೆ ಒಣಗಿದ ಮೇಲೆ ಅಲ್ಲಿ ಗಿಡ್ಡ ಆಗುತ್ತೆ. ನೇರ ಕೆಳಗೆ ಹಿಡಿದು ಕತ್ತರಿಸಿದ್ರೆ ಅಂಚು ದಪ್ಪ, ಮೇಲಕ್ಕೆತ್ತಿ ಕತ್ತರಿಸಿದ್ರೆ ಮೆಟ್ಟಿಲು. ಕೊನೆಗೆ ಅಡ್ಡ ಕತ್ತರಿಸಿದ್ದನ್ನ ಉದ್ದಕ್ಕೆ ಹಿಡಿದು ಪರೀಕ್ಷೆ. ನಮ್ಮ ಟ್ರಯಲ್ ಬ್ಯಾಲೆನ್ಸ್ ತರ, ತಪ್ಪಿದ್ರೆ ಇಲ್ಲಿ ಸಿಕ್ಕಿಬೀಳುತ್ತೆ.

ಫೇಡ್ ಬೇರೆ ದಾರಿಯಿಂದ ಬಂತು. ಅಮೆರಿಕದ ಸೈನಿಕರ ಕಟಿಂಗ್ ಅದು, ಅದನ್ನ ಕಲೆ ಮಾಡಿದ್ದು ಅಲ್ಲಿನ ಕಪ್ಪು ಜನರ ಕ್ಷೌರದಂಗಡಿಗಳು. ಲಿಯೋ ವಾಲ್ 1921ರಲ್ಲಿ ಪೇಟೆಂಟ್ ಪಡೆದ ಕರೆಂಟ್ ಮಷೀನ್ ಇಲ್ಲದಿದ್ರೆ ಇದು ಆಗ್ತಿರಲಿಲ್ಲ. ನಂಬರ್ ಅಂತೀರಲ್ಲ, ಒಂದೊಂದಕ್ಕೂ ಇಂಚಿನ ಎಂಟನೇ ಒಂದು ಭಾಗ: 1 ಅಂದ್ರೆ ಸುಮಾರು 3 ಮಿ.ಮೀ., 2 ಅಂದ್ರೆ 6. ಝೀರೋದಲ್ಲಿ ಕಿವಿ ಹತ್ರ ಒಂದು ಗೆರೆ, ಅದರ ಮೇಲೆ 1ರಲ್ಲಿ ಇನ್ನೊಂದು. ಗೆರೆ ಹಾಕೋದು ಯಾರಿಗಾದ್ರೂ ಬರುತ್ತೆ. ಎರಡರ ಮಧ್ಯದ ಗೆರೆ ಅಳಿಸೋದಿದೆಯಲ್ಲ, ಮಷೀನ್ ಪಕ್ಕದ ಲಿವರ್‌ನ ಸ್ವಲ್ಪ ಸ್ವಲ್ಪ ತೆರೀತಾ, ಮಣಿಕಟ್ಟನ್ನ ಹೊರಗೆ ತಿರುಗಿಸಿ ಎತ್ತಬೇಕು. ಅರ್ಧ ಸೆಕೆಂಡ್ ತಡ ಆದ್ರೆ ಹೊಸ ಗೆರೆ. ತಲೇಲಿ ಎರಡು ಸುಳಿ ಇದ್ದೋರು ಬಂದ್ರೆ ಅಪ್ಪ ಮೊದಲೇ ನಿಟ್ಟುಸಿರು ಬಿಡ್ತಾರೆ, ಎರಡು ಮದುವೆ ಜೋಕ್ ಆಮೇಲೆ.

ಅಪ್ಪನಿಗೆ ಸಸೂನ್ ಹೆಸರು ಗೊತ್ತಿರಲಿಲ್ಲ. ವಿಡಿಯೋ ತೋರಿಸಿದೆ. ಪೂರ್ತಿ ನೋಡಿ, "ಬಾಚಣಿಗೆ ಹಿಡಿಯೋದು ನೋಡು, ಒಳ್ಳೆ ಕೈ" ಅಂದ್ರು.

(ಭಾಗ 6)

ಮೋಟಿವೇಶನ್ ಕ್ಲಾಸಲ್ಲಿ ಬೆಂಗಳೂರಿನ ರಮೇಶ್ ಬಾಬು ಕಥೆ ಹೇಳ್ತಾರೆ, 2011ರಲ್ಲಿ ರೋಲ್ಸ್ ರಾಯ್ಸ್ ಕೊಂಡ ಕ್ಷೌರಿಕ. ಅಷ್ಟು ಕಾರು ಇಟ್ಕೊಂಡೂ ಅವರು ಕತ್ತರಿ ಬಿಡಲಿಲ್ಲ ಅನ್ನೋ ಭಾಗ ಬೇಗ ಮುಗಿಸ್ತಾರೆ. ನನಗೆ ಇಷ್ಟ ಆಗಿದ್ದು ಅದೇ. 2020ರ ಮೇನಲ್ಲಿ ಲಾಕ್‌ಡೌನ್ ಪರಿಹಾರ ಅಂತ ಸರ್ಕಾರ ತಲಾ 5,000 ರೂಪಾಯಿ ಘೋಷಿಸಿದಾಗ ರಾಜ್ಯದಲ್ಲಿ 2,30,000 ಕ್ಷೌರಿಕರು ಅಂತ ಲೆಕ್ಕ ಕೊಟ್ಟಿತ್ತು. ಆ 2,30,000 ಜನರ ಮಕ್ಕಳು ನಿಮ್ಮ ಪಕ್ಕದ ಬೆಂಚಲ್ಲೂ ಕೂತಿರ್ತಾರೆ.

ನಾನು ಕಲೀತಿದ್ದೀನಿ. ಸದ್ಯಕ್ಕೆ ಅಮ್ಮನ ಕೂದಲ ತುದಿ, ತಂಗಿಯ ಬಾಬ್ ಕಟ್. ಎಡಗಡೆ ಅರ್ಧ ಇಂಚು ಗಿಡ್ಡ ಆಯ್ತು, ಅವಳು ಎರಡು ದಿನ ಮಾತು ಬಿಟ್ಟಿದ್ದಳು. ಹುಡುಗಿ ಶಾಪಲ್ಲಿ ನಿಲ್ಲೋದಾ ಅಂತ ನೆಂಟರು ಈಗಲೇ ಶುರು ಮಾಡಿದ್ದಾರೆ.

ಹೋದ ವಾರ ಕ್ಲಾಸಲ್ಲಿ ಆ ಪದ ಅಂದವನಿಗೆ: ನೀನು ಈ ಸೀರೀಸ್ ಓದಿದ್ದೀಯ ಅಂತ ಗೊತ್ತು, ಸ್ಟೋರಿ ವ್ಯೂ ಕಾಣ್ಸುತ್ತೆ. ನಿನ್ನ ಕಿವಿ ಹಿಂದೆ ಬಲಗಡೆ ಒಂದು ಗೆರೆ ಅಳಿಸದೇ ಉಳಿದಿದೆ ಕಣೋ, ಎಲ್ಲಿ ಮಾಡಿಸಿದ್ದೋ. ಶಾಪಿಗೆ ಬಾ, ಅಪ್ಪ ಸರಿ ಮಾಡ್ತಾರೆ. ಭಾನುವಾರ ರಶ್ಶು. ಮಂಗಳವಾರ ರಜೆ.

#ಕುಂದೂರು #ಆಲೂರು #ಕಟಿಂಗ್‌ಶಾಪ್